ಬಿದ್ದ ವಿಮಾನಕ್ಕೆ ಹೆರಿಗೆ ನರ್ಸು

ಹೆರಿಗೆ, ವಿಮಾನ ಎರಡೂ ಒಂದೇ ಜಾತಿ. ಯಾವಾಗ ಇಳಿಯುತ್ತೆ, ಎಲ್ಲಿ ಇಳಿಯುತ್ತೆ ಅಂತ ಬ್ರಹ್ಮನೂ ಹೇಳಲಾರ. ಇಳಿದ ಮೇಲೆ ಮಾತ್ರ ಊರೆಲ್ಲ ಬಂದು ಸುತ್ತ ನಿಂತು ಬುದ್ಧಿ ಹೇಳುತ್ತೆ. ನಾನು ಓದಿ ಕಲಿತದ್ದು ಮೊದಲನೆಯದನ್ನು ಇಳಿಸೋದು. ಯುದ್ಧದ ಕಾಲದಲ್ಲಿ ಮದ್ದೂರಿನಲ್ಲೂ ಆಮೇಲೆ ಮಂಡ್ಯದಲ್ಲೂ ಕೆಲಸ ಮಾಡಿದ್ದಕ್ಕೆ ಎರಡನೆಯದೂ ನನಗೇ ಗಂಟುಬಿತ್ತು. ಬೆಂಗಳೂರಿನ ಕಡೆಯಿಂದ ಹಾರೋದು ಕಲಿಯುವ ಹುಡುಗರು ರೈಲು ಕಂಬಿಯನ್ನೇ ದಾರಿ ಮಾಡಿಕೊಂಡು ಮೈಸೂರಿನತ್ತ ಬರೋರು. ಮಂಜು ಮುಸುಕಿದರೆ, ಪೆಟ್ರೋಲು ಮುಗಿದರೆ, ಇಲ್ಲವೇ ಸುಮ್ಮನೆ ಗ್ರಹಚಾರ ಕೆಟ್ಟರೆ ನಮ್ಮ ಗದ್ದೆಗಳಿಗೆ ಇಳಿಯೋರು. ನಮ್ಮ ಡಾಕ್ಟರು ಸದಾ ಕ್ಯಾಂಪು. ಕಾಂಪೌಂಡರಿಗೆ ರಕ್ತ ಕಂಡರೆ ತಲೆಸುತ್ತು. ಹೀಗಾಗಿ ‘ವಿಮಾನ ಬಿತ್ತು’ ಅಂತ ಯಾರು ಓಡಿಬಂದರೂ ಹೆರಿಗೆ ಪೆಟ್ಟಿಗೆ ಹಿಡಿದು ಹೊರಡಬೇಕಾದವಳು ನಾನೇ.

ಕೊಪ್ಪದ ನಾಟಿ

ಮೊದಲು ಬಿದ್ದದ್ದು ಕೊಪ್ಪದ ಹತ್ತಿರ, ಆಗತಾನೇ ನಾಟಿ ಮಾಡಿದ್ದ ಭತ್ತದ ಗದ್ದೆಯಲ್ಲಿ. ಸುದ್ದಿ ತಂದ ಆಳು, “ದೊರೆ ಸತ್ತೇ ಓದ ಕಣವ್ವ, ತಲೆ ಒಡ್ದು ರಕ್ತ ಬುಳಬುಳ ಅಂತಾದೆ” ಅಂದ. ಆಸ್ಪತ್ರೆಯ ಮುಂದೆ ಯಾವಾಗಲೂ ಗಾಡಿ ಕಟ್ಟಿಕೊಂಡು ನಿಂತಿರುತ್ತಿದ್ದ ಜಟಕಾ ಸಾಹೇಬರನ್ನು ಕೂಗಿದೆ. ಅವರು ಕುದುರೆಯನ್ನು ಓಡಿಸಿದ ಓಟಕ್ಕೆ ನನ್ನ ಪೆಟ್ಟಿಗೆಯ ಶೀಸೆಗಳೆಲ್ಲ ತಾಳ ಹಾಕಿದವು. ದಾರಿಯುದ್ದಕ್ಕೂ ನಾನು ಹೆಣ ನೋಡೋದಕ್ಕೆ ಮನಸ್ಸು ಗಟ್ಟಿಮಾಡಿಕೊಂಡೇ ಕೂತಿದ್ದೆ.

ಹೋಗಿ ನೋಡಿದರೆ ವಿಮಾನ ಮೂತಿಯನ್ನು ಕೆಸರಿಗೆ ಹೂತು, ಬಾಲ ಮೇಲೆತ್ತಿ, ಹುಳ ಹುಡುಕುವ ಬಾತುಕೋಳಿಯ ಹಾಗೆ ನಿಂತಿದೆ. ಬದುವಿನ ತುಂಬ ಜನ. ಹೆಣ ಎಲ್ಲೂ ಇಲ್ಲ. ಗದ್ದೆಯೊಳಗೆ ಹೆಂಗಸರ ಸಾಲಿನಲ್ಲಿ ಒಂದು ಕೆಂಪು ಮುಖ. ಷರಾಯಿಯನ್ನು ಮಂಡಿಯವರೆಗೆ ಮಡಿಸಿ, ತಲೆಗೆ ಹಳೇ ಸೀರೆಯ ತುಂಡು ಸುತ್ತಿಕೊಂಡು, ಬಗ್ಗಿ ಬಗ್ಗಿ ಪೈರು ನೆಡುತ್ತಾ ಇದೆ! ಸೀರೆ ತುಂಡಿನ ಮೇಲೆ ರಕ್ತದ ಕಲೆ. ಗದ್ದೆಯ ಯಜಮಾನಿ ಮುದುಕಿ ಬದುವಿನ ಮೇಲೆ ನಿಂತು, “ಅಂಗಲ್ಲ ಕಣ್ಲಾ, ಒತ್ತೊತ್ತಾಗಿ ಊರ್ಬ್ಯಾಡ, ಒಸಿ ದೂರ ದೂರ!” ಅಂತ ಪಾಠ ಹೇಳುತ್ತಿದ್ದಳು. ಅವಳ ಪೈರು ಹಾಳು ಮಾಡಿದವನು ಅವನು. ಸರಿಮಾಡಬೇಕಾದವನೂ ಅವನೇ ಅನ್ನೋದು ಅವಳ ನ್ಯಾಯ.

ನಾನು ಗಾಬರಿಯಿಂದ, “ಅಜ್ಜೀ, ಏನಿದು ಅನ್ಯಾಯ! ಅವರಿಗೆ ಗಾಯ ಆಗಿದೆ” ಅಂದೆ.

ಮುದುಕಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. “ಗಾಯ ಆಗಿರಾದು ತಲೆಗೆ ಕಣವ್ವ, ಕೈಗಲ್ಲ.”

ರೂಢಿ

ಇನ್ನೊಬ್ಬನಿದ್ದ, ಪುಣ್ಯಾತ್ಮ. ಅವನ ವಿಮಾನ ಹೊಳೆಯ ದಡದ ಹುಣಸೆಮರಕ್ಕೆ ಸಿಕ್ಕಿ ಎರಡು ತುಂಡಾಗಿತ್ತು. ಅವನು ಮಾತ್ರ ಕೊಂಬೆಯಿಂದ ಕೊಂಬೆಗೆ ಇಳಿದು, ಮೈ ಕೊಡವಿಕೊಂಡು, ಸಿಗರೇಟು ಹಚ್ಚಿ ನಿಂತಿದ್ದ. ತಲೆಯಿಂದ ಕಾಲಿನವರೆಗೆ ಒತ್ತಿ ನೋಡಿದೆ. ಒಂದು ತರಚು ಗಾಯವಿಲ್ಲ. ಆದರೂ ಡಾಕ್ಟರು ನೋಡಲಿ ಅಂತ ಜಟಕಾ ಹತ್ತಿಸಿದೆ.

ಊರ ಬಾಗಿಲಿಗೆ ಬರುವಷ್ಟರಲ್ಲಿ ಎದುರಿಗೆ ಒಂದು ಎಮ್ಮೆ. ಕುದುರೆ ಪಕ್ಕಕ್ಕೆ ಹಾರಿತು, ಗಾಡಿಯ ಚಕ್ರ ಮೋರಿಗೆ ಇಳಿಯಿತು. ನಾನು ಕಂಬಿ ಹಿಡಿದು ಉಳಿದೆ. ದೊರೆ ಮೋರಿಗೆ ಬಿದ್ದು ಕೈ ಮುರಿದುಕೊಂಡ. ಆಕಾಶದಿಂದ ಬಿದ್ದಾಗ ನಗುತ್ತಿದ್ದವನು ಜಟಕಾದಿಂದ ಬಿದ್ದು ಹಸುಳೆಯ ಹಾಗೆ ಅತ್ತ.

ನಾನು ಸಿಟ್ಟಿನಿಂದ, “ಏನು ಸಾಹೇಬರೇ, ನೋಡಿಕೊಂಡು ಓಡಿಸಬಾರದಾ?” ಅಂದೆ.

ಸಾಹೇಬರು ಕುದುರೆಯ ಮೈ ಸವರುತ್ತಾ ಹೇಳಿದರು: “ನಾನೇನ್ ಮಾಡ್ಲಿ ಅಮ್ಮಾ? ಈ ಗಾಡೀಲಿ ನೀವೂ ಕೂತಿದ್ರಿ, ನಾನೂ ಕೂತಿದ್ದೆ. ನಾವ್ ಬಿದ್ವಾ? ಅವ್ರಿಗೆ ಬೀಳೋದು ರೂಢಿ ಆಗೋಗದೆ.”

ಕೆರೆಗೆ ಇಳಿದವನು

ಮಳವಳ್ಳಿ ದಾರಿಯ ಒಂದು ಕೆರೆಗೆ ಇಳಿದ ವಿಮಾನಕ್ಕೆ ಚಕ್ರವೇ ಇರಲಿಲ್ಲ. ಚಕ್ರದ ಜಾಗದಲ್ಲಿ ಉದ್ದನೆಯ ಎರಡು ದೋಣಿ. ನೀರಿನ ಮೇಲೆ ಇಳಿಯೋದಕ್ಕೇ ಮಾಡಿದ್ದಂತೆ. ಇಳಿಯುವಾಗ ನೀರೊಳಗಿನ ಜಾಲಿ ಬೊಡ್ಡೆ ತಾಗಿ ಒಂದು ದೋಣಿ ತೂತಾಗಿತ್ತು. ನಾವು ಹೋದಾಗ ವಿಮಾನ ಒಂದು ಪಕ್ಕಕ್ಕೆ ವಾಲಿ ನಿಧಾನಕ್ಕೆ ಮುಳುಗುತ್ತಿತ್ತು. ಲಾಹೋರಿನ ಕಡೆಯ ಎತ್ತರದ ಪೈಲಟ್ಟು ಮೇಲಿದ್ದ ರೆಕ್ಕೆ ತಬ್ಬಿಕೊಂಡು ದೇವರನ್ನು ಕೂಗುತ್ತಿದ್ದ.

ದಡದಲ್ಲಿ ಬಲೆ ಒಣಗಿಸುತ್ತಿದ್ದ ಬೆಸ್ತರವನು ಹರಿಗೋಲು ಹಾಕಿಕೊಂಡು ಹೋದ. “ಮೆಲ್ಲಗೆ ಮಧ್ಯಕ್ಕೆ ಕಾಲಿಡು ಸ್ವಾಮಿ” ಅಂತ ಅವನು ಕನ್ನಡದಲ್ಲಿ ಅಂದದ್ದು ಇವನಿಗೆ ಎಲ್ಲಿ ತಿಳಿಯಬೇಕು? ರೆಕ್ಕೆಯ ಮೇಲಿಂದ ಧುಮುಕಿ ಹರಿಗೋಲಿನ ಅಂಚಿಗೇ ಕಾಲಿಟ್ಟ. ಹರಿಗೋಲು ಬುಗುರಿಯ ಹಾಗೆ ತಿರುಗಿ ಮಗುಚಿತು. ಇಬ್ಬರೂ ನೀರಿಗೆ. ಬೆಸ್ತರವನು ತಕ್ಷಣ ಮೇಲೆ ಬಂದ. ಪೈಲಟ್ಟು ಬರಲಿಲ್ಲ. ಬೆಸ್ತರವನು ಮತ್ತೆ ಮುಳುಗಿ, ಕೂದಲು ಹಿಡಿದು ಎಳೆದುಕೊಂಡು ಬಂದು ದಡಕ್ಕೆ ಹಾಕಿದ. ನಾನು ಬೆನ್ನು ಗುದ್ದಿ, ಹೊಟ್ಟೆ ಒತ್ತಿ, ಅರ್ಧ ಕೆರೆ ಕಕ್ಕಿಸಿದೆ.

ಪೈಲಟ್ಟು ಕಣ್ಣು ಬಿಟ್ಟ ಮೇಲೆ ಬೆಸ್ತರವನಿಗೆ ಸಿಟ್ಟು ಬಂತು. “ಕೇಳಿ ಸಾಯೇಬ್ರೆ ಇವನ್ನ! ನೀರ್ ಮ್ಯಾಲೆ ಇಳ್ಯೋ ಗಾಡಿ ಓಡುಸ್ತಾನೆ, ಈಜು ಬರಾಕಿಲ್ವಾ ಇವನಿಗೆ?”

ಜಟಕಾ ಸಾಹೇಬರು ಅದನ್ನು ತಮ್ಮ ಉರ್ದುವಿನಲ್ಲಿ ಕೇಳಿದರು. ಪೈಲಟ್ಟು ಕೆಮ್ಮುತ್ತಲೇ ಉತ್ತರ ಕೊಟ್ಟ. ಸಾಹೇಬರು ಬಾಯಿಗೆ ಟವೆಲು ಒತ್ತಿಕೊಂಡು ನಕ್ಕು, ನಮಗೆ ತಿಳಿಯ ಹೇಳಿದರು:

“‘ಆಕಾಶದ ಮೇಲೆ ಹೋಗೋ ಗಾಡೀನೂ ಓಡಿಸ್ತೀನಿ, ನನಗೆ ಹಾರೋಕೆ ಬರುತ್ತಾ?’ ಅಂತ ಕೇಳ್ತಾವ್ರೆ.”

ಬಿಳಿ ಬಟ್ಟೆ

ನಾನು ಮಂಡ್ಯಕ್ಕೆ ವರ್ಗವಾಗಿ ಹೋಗುವ ಹೊತ್ತಿಗೆ, ಇಷ್ಟೊಂದು ಬೀಳ್ತಾ ಇವೆಯಲ್ಲ ಅಂತ ಮೇಲಿನವರಿಗೂ ಅನ್ನಿಸಿತೋ ಏನೋ, ಹಳ್ಳಿಯವರಿಗೆ ತಿಳಿವಳಿಕೆ ಹೇಳೋದಕ್ಕೆ ಒಬ್ಬ ಅಧಿಕಾರಿಯನ್ನು ಕಳಿಸಿದರು. ಕೆರಗೋಡಿನಲ್ಲಿ ಅವರ ಭಾಷಣ. ಶಾಲೆಯ ಮೇಷ್ಟ್ರು ಕನ್ನಡಕ್ಕೆ ತಿರುಗಿಸಿ ಹೇಳಿದರು: ವಿಮಾನದ ಹತ್ತಿರ ಬೀಡಿ ಸೇದಬಾರದು. ತಿರುಗುವ ಫ್ಯಾನಿಗೆ ಕೈ ಕೊಡಬಾರದು. ಮೇಲೆ ವಿಮಾನ ಕಷ್ಟದಲ್ಲಿ ಸುತ್ತುತ್ತಾ ಇದ್ದರೆ, ಚೆನ್ನಾಗಿ ಮಟ್ಟವಾದ ಬಯಲು ನೋಡಿ ಬಿಳಿ ಬಟ್ಟೆ ಹಾಸಬೇಕು. ಅದು ಇಲ್ಲಿ ಇಳಿಯಬಹುದು ಅನ್ನೋ ಗುರುತು. ಜನ ಚಪ್ಪಾಳೆ ತಟ್ಟಿದರು.

ಆ ದಿನ ಊರ ಮಡಿವಾಳ ಭಾಷಣಕ್ಕೆ ಬಂದಿರಲಿಲ್ಲ. ಅವನಿಗೆ ಬೇಕಾದಷ್ಟು ಕೆಲಸವಿತ್ತು.

ಸ್ವಲ್ಪ ದಿನ ಕಳೆದ ಮೇಲೆ ಕೆರಗೋಡಿನಿಂದ ಕರೆ ಬಂತು. ಬಸ್ಸು ಹಿಡಿದು ಹೋದೆ. ಮಡಿವಾಳ ಕೆರೆಯ ಅಂಗಳದಲ್ಲಿ ಊರಿನವರ ಪಂಚೆ, ದುಪ್ಪಟಿ ಎಲ್ಲ ಒಗೆದು ಸಾಲಾಗಿ ಹರವಿದ್ದನಂತೆ. ಮೇಲೆ ಇಂಜಿನ್ನು ಕೆಟ್ಟು ಒದ್ದಾಡುತ್ತಿದ್ದ ಪೈಲಟ್ಟಿಗೆ ಅಷ್ಟೊಂದು ಬಿಳಿ ಬಟ್ಟೆ ಕಂಡು, ಈ ಊರಿನವರು ಎಷ್ಟು ಒಳ್ಳೆಯವರಪ್ಪಾ ಅನ್ನಿಸಿರಬೇಕು. ಇಳಿದೇ ಬಿಟ್ಟ. ಜೀವಕ್ಕೆ ಅಪಾಯವಾಗಲಿಲ್ಲ, ಮೂಗು ಜಜ್ಜಿತ್ತು ಅಷ್ಟೇ. ಆದರೆ ವಿಮಾನದ ಫ್ಯಾನಿಗೆ ಪಟೇಲರ ಜರಿಪಂಚೆ ಸುತ್ತಿಕೊಂಡಿತ್ತು, ಬಾಲಕ್ಕೆ ಶಾನುಭೋಗರದು. ಉಳಿದದ್ದೆಲ್ಲ ಚಕ್ರದ ಕೆಳಗೆ. ಮಾರನೆಯ ದಿನ ಉಡೋದಕ್ಕಿಲ್ಲದೆ ಊರಿನ ದೊಡ್ಡವರು ಯಾರೂ ಜಗಲಿಗೆ ಬರಲಿಲ್ಲ ಅಂತ ಆಮೇಲೆ ಕೇಳಿದೆ.

ಭಾಷಣ ಮಾಡಿದ್ದ ಅಧಿಕಾರಿಯೇ ವಿಚಾರಣೆಗೆ ಬಂದರು. “ಗುರುತು ತೋರಿಸಿ ಕರೆದವನು ನೀನೇ ಏನೋ?” ಅಂತ ಮಡಿವಾಳನನ್ನು ಮೇಷ್ಟ್ರ ಮೂಲಕ ಗದರಿಸಿದರು.

ಅವನು ಕೈ ಮುಗಿದ. “ನಾನ್ ಯಾರ್ನೂ ಕರೀನಿಲ್ಲ ಬುದ್ಧೀ, ಬಟ್ಟೆ ಒಣಗಾಕಿದ್ದೆ. ನಾಳೀಕೆ ನಮ್ಮೋಳು ಪಂಚೆ ಆಸಿ ಸಂಡಿಗೆ ಇಡ್ತಾಳೆ. ಅದ್ಕೂ ಇಳ್ಯೋ ಅಂಗಿದ್ರೆ ಈಗ್ಲೇ ಯೋಳ್ಬುಡಿ.”

ಹೆರಿಗೆ ವಾರ್ಡಿನ ದೊರೆ

ಇಷ್ಟೆಲ್ಲ ಆದರೂ, ಈಗಲೂ ನೆನೆಸಿಕೊಂಡು ಒಬ್ಬಳೇ ನಗೋದು ಕಬ್ಬಿನ ಗದ್ದೆಗೆ ಬಿದ್ದ ಹುಡುಗನನ್ನು. ಇಂಗ್ಲಿಷರವನು, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಕಾಲು ಮುರಿದಿತ್ತು, ಜ್ವರ ಬೇರೆ. ಲಾರಿಯಲ್ಲಿ ಬೆಂಗಳೂರಿಗೆ ಕಳಿಸಿದರೆ ದಾರಿಯಲ್ಲೇ ಹೋಗಿಬಿಟ್ಟಾನು ಅಂತ ಡಾಕ್ಟರು ಇಲ್ಲೇ ಇಟ್ಟುಕೊಂಡರು. ಆದರೆ ಎಲ್ಲಿ? ಆಗ ಮಂಡ್ಯದ ಸುತ್ತ ಚಳಿಜ್ವರ. ಗಂಡಸರ ವಾರ್ಡಿನಲ್ಲಿ ನೆಲದ ಮೇಲೂ ರೋಗಿಗಳು. ಖಾಲಿ ಇದ್ದದ್ದು ಹೆರಿಗೆ ವಾರ್ಡಿನ ಮೂಲೆಯ ಮಂಚ ಒಂದೇ. ಮಧ್ಯೆ ಸೀರೆಯ ಪರದೆ ಕಟ್ಟಿ ಅಲ್ಲೇ ಮಲಗಿಸಿದೆವು.

ಹೆಂಡತಿಯನ್ನು ನೋಡೋದಕ್ಕೆ ಬಂದ ಗಂಡಂದಿರು, “ಇದೇನವ್ವಾ, ನಮ್ಮೋಳ ಪಕ್ಕದಲ್ಲಿ ದೊರೆ!” ಅಂತ ರೇಗಿದರು. ಬಸರಾಳಿನಿಂದ ಮಗಳ ಬಾಣಂತನಕ್ಕೆ ಬಂದಿದ್ದ ಒಬ್ಬ ಅಜ್ಜಿ ಅವರ ಬಾಯಿ ಮುಚ್ಚಿಸಿದಳು. “ಕಾಲ್ ಮುರ್ಕಂಡ್ ಬಿದ್ದವ್ನೆ, ಎದ್ದು ಎಲ್ಲಿಗೆ ಓದಾನ್ಲಾ? ಸುಮ್ಕಿರಿ ಅತ್ಲಾಗಿ.”

ರಾತ್ರಿ ಹುಡುಗ ಜ್ವರದಲ್ಲಿ ‘ಮಮ್ಮಿ, ಮಮ್ಮಿ’ ಅಂತ ಕನವರಿಸಿದನಂತೆ. ಅಜ್ಜಿಗೆ ಇಂಗ್ಲಿಷು ಬಾರದಿದ್ದರೂ ಅದು ಅರ್ಥವಾಯಿತು. ಬೆಳಿಗ್ಗೆಯಿಂದ ಮಗಳಿಗೆ ಏನು ಮಾಡಿದಳೋ ಅವನಿಗೂ ಅದನ್ನೇ ಮಾಡತೊಡಗಿದಳು. ಮಗಳಿಗೆ ಮೆಣಸಿನ ಸಾರನ್ನ ತಂದರೆ ಅವನಿಗೂ ಮೆಣಸಿನ ಸಾರನ್ನ. ಬಾಣಂತಿ ಖಾರದ ಉಂಡೆ ಮಗಳಿಗೊಂದು, ಅವನಿಗೊಂದು. ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಬಿಗಿದಳು. ತಣ್ಣೀರು ಕೇಳಿದರೆ ಕೈಗೆ ಏಟು. ಖಾರಕ್ಕೆ ಅವನ ಕಣ್ಣು ಮೂಗು ಸುರಿಯೋದು, ಆದರೂ ‘ಥ್ಯಾಂಕ್ಯೂ’ ಅನ್ನೋದು ಬಿಡಲಿಲ್ಲ. ನಾನು ತಡೆಯೋಣ ಅಂತಲೇ ಇದ್ದೆ. ಅಷ್ಟರಲ್ಲಿ ಜ್ವರ ಇಳಿಯಿತು. ಡಾಕ್ಟರು ‘ನನ್ನ ಔಷಧಿ ಕೆಲಸ ಮಾಡಿತು’ ಅಂದರು. ಅಜ್ಜಿ ‘ನನ್ ಖಾರ’ ಅಂದಳು.

ಆಗಲೇ ಬಂದರು ನೋಡಿ, ಬೆಂಗಳೂರಿನಿಂದ ಅವನ ಮೇಲಧಿಕಾರಿ. ದಪ್ಪ ಬಿಳಿ ಮೀಸೆ, ಎದೆಯ ತುಂಬ ಪದಕ. ನಾನು ಗಡಿಬಿಡಿಯಿಂದ ಪರದೆ ಸರಿಸಿದೆ. ಒಳಗೆ ಸಾಂಬ್ರಾಣಿ ಹೊಗೆ. ಹೊಗೆಯ ಮಧ್ಯೆ, ತಲೆಗೆ ಬಟ್ಟೆ ಕಟ್ಟಿಕೊಂಡು, ಎಲೆ ಅಡಿಕೆಯಿಂದ ಬಾಯಿ ಕೆಂಪು ಮಾಡಿಕೊಂಡು, ದಿಂಬಿಗೆ ಒರಗಿ ಕೂತಿದ್ದಾನೆ ಅವರ ಪೈಲಟ್ಟು. ತೋಳಿನಲ್ಲಿ ಎಳೆಗೂಸು! ಮಗಳಿಗೆ ನೀರು ಹಾಕೋದಕ್ಕೆ ಹೋಗುವಾಗ ಅಜ್ಜಿ ಮೊಮ್ಮಗುವನ್ನು ಅವನ ಕೈಗೆ ಕೊಟ್ಟು ಹೋಗಿದ್ದಳು. ಹುಡುಗ ಸಲ್ಯೂಟು ಹೊಡೆಯಬೇಕು, ಆದರೆ ಮಗು ಬಿಡೋ ಹಾಗಿಲ್ಲ. ಅಧಿಕಾರಿ ಒಮ್ಮೆ ಅವನನ್ನು, ಒಮ್ಮೆ ಮಗುವನ್ನು, ಒಮ್ಮೆ ನನ್ನನ್ನು ನೋಡಿದರು.

ಅಷ್ಟರಲ್ಲಿ ಅಜ್ಜಿ ಬಂದಳು. ಬಿಳಿ ಮೀಸೆ ಕಂಡದ್ದೇ, ಇವನೇ ಅಪ್ಪ ಅಂತ ತೀರ್ಮಾನ ಮಾಡಿಬಿಟ್ಟಳು. “ಈಗ್ ಬಂದ್ಯೇನಪ್ಪಾ? ಎತ್ತ ಮಗ ಕಾಲ್ ಮುರ್ಕಂಡ್ ಬಿದ್ದವ್ನೆ, ಈಗ್ ಬತ್ತಾ ಇದ್ದೀಯ, ಅದೂ ಬರೀಗೈಲಿ! ಒಂದ್ ಬಾಳೆಅಣ್ಣಾದ್ರೂ ತರ್ಬಾರ್ದಾ?”

ಅಧಿಕಾರಿ ಸಾವರಿಸಿಕೊಂಡು, ಈ ಹೆಂಗಸೇ ಇಲ್ಲಿಯ ಮುಖ್ಯಸ್ಥೆ ಅಂದುಕೊಂಡು, ತುಂಬ ಮರ್ಯಾದೆಯಿಂದ ಟೋಪಿ ತೆಗೆದು, ಇವನು ಮತ್ತೆ ಯಾವಾಗ ವಿಮಾನ ಹಾರಿಸಬಹುದು ಅಂತ ಕೇಳಿದರು.

“ಏನಂತೆ ಅವಂದು?” ಅಂದಳು ಅಜ್ಜಿ. ಕನ್ನಡದಲ್ಲಿ ಹೇಳಿದೆ.

ಅಜ್ಜಿ ಹುಡುಗನ ಕಿವಿಯ ಹತ್ತಿಯನ್ನು ಸರಿಮಾಡಿ, ಅಧಿಕಾರಿಯನ್ನು ಮೇಲಿಂದ ಕೆಳಗೆ ನೋಡಿದಳು.

“ಇನ್ನೂವೆ ಅಸಿಮೈ ಕಣಪ್ಪ. ಮೂರ್ ತಿಂಗ್ಳು ಒಸ್ತಿಲೇ ದಾಟಂಗಿಲ್ಲ, ಆಕಾಸಕ್ಕೆ ಎಲ್ಲಿಂದ ಕಳುಸ್ಲಿ?”