ದಿಲ್ಲಿ ವಿಮಾನಕ್ಕೊಬ್ಬ ಬ್ರೋಕರು

ನನ್ನ ಕಸುಬಿಗೆ ಹಾರೋಹಳ್ಳಿಯಲ್ಲೆಲ್ಲ ಮರ್ಯಾದೆ ಇದೆ, ನನ್ನ ಮನೆಯೊಳಗೆ ಮಾತ್ರ ಇಲ್ಲ. ಕೈಗಾರಿಕಾ ಪ್ರದೇಶ ಬೆಳೆದ ಹಾಗೆಲ್ಲ ಇಲ್ಲಿ ಸೈಟು ಮಾರುವವರು ಹೆಚ್ಚಿದರು, ಕೊಳ್ಳುವವರೂ ಹೆಚ್ಚಿದರು. ಇವರನ್ನು ಅವರಿಗೆ, ಅವರನ್ನು ಇವರಿಗೆ ಗಂಟು ಹಾಕುವ ಪುಣ್ಯಕಾರ್ಯ ನನ್ನದು. ನಾನದನ್ನು ‘ಭೂ ಸಮಾಲೋಚನೆ’ ಎನ್ನುತ್ತೇನೆ. ನನ್ನ ಹೆಂಡತಿ ರಾಧಾಮಣಿ ‘ಬ್ರೋಕರ್ ಕೆಲ್ಸ’ ಎನ್ನುತ್ತಾಳೆ, ಅದೂ ನೆಂಟರೆದುರಿಗೆ!

ಹೀಗಿರುವಾಗ ನಾವು ವಿಮಾನ ಹತ್ತುವ ಪ್ರಸಂಗ ಬಂತು. ರಾಧಾಮಣಿಯ ತಂಗಿ ಶ್ವೇತ ದಿಲ್ಲಿಯಲ್ಲಿದ್ದಾಳೆ, ಗಂಡ ಮಿಲಿಟರಿಯವನು. ಅವಳಿಗೆ ಗಂಡುಮಗುವಾಗಿ, ನಾಮಕರಣದ ದಿನ ಗೊತ್ತಾಗಿತ್ತು. ಮಗುವಿಗೆ ಬೆಳ್ಳಿ ಉಡಿದಾರ ಕಟ್ಟುವುದು ಅಜ್ಜಿಯ ಹಕ್ಕು. ಅಜ್ಜಿ ಅಂದರೆ ನಮ್ಮ ಅತ್ತೆ, ಮರಳವಾಡಿಯ ಸರಸಮ್ಮನವರು. “ಅವ್ವ ಬರ್ದಿದ್ರೆ ಮಗೀನ ತೊಟ್ಲಿಗೇ ಹಾಕಲ್ಲ” ಎಂದು ಶ್ವೇತ ಫೋನಿನಲ್ಲಿ ಅತ್ತಿದ್ದಳು. ರೈಲಿನಲ್ಲಿ ಎರಡು ರಾತ್ರಿ ಕೂರಲು ಅತ್ತೆಯ ಮೊಣಕಾಲು ಒಪ್ಪಲಿಲ್ಲ. ವಿಮಾನವೇ ಗತಿ ಎಂದಾಯಿತು.

“ಅಲ್ಲಾ ಕಣ್ರೀ, ಪೇಪರಲ್ಲಿ ಪ್ಲೇನ್ ಕಂಪ್ನಿಯೋರೇ ನಂಬರ್ ಹಾಕವ್ರೆ. ನೇರ ಅವ್ರತ್ರಾನೇ ಟಿಕೆಟ್ ತಕೊಂಡ್ರಾಯ್ತಪ್ಪ. ಮಧ್ಯದಲ್ಲಿ ಇನ್ನೊಬ್ಬ ಯಾಕೆ?” ಎಂದಳು ರಾಧಾಮಣಿ.

ಮಧ್ಯದಲ್ಲಿ ಇನ್ನೊಬ್ಬ ಯಾಕೆ! ನನ್ನ ಅನ್ನದ ತಟ್ಟೆಯ ಮುಂದೆ ಕೂತು ನನ್ನನ್ನೇ ಕೇಳುವ ಮಾತೇ ಇದು?

“ನೋಡು, ಓನರ್ ಹತ್ರ ನೇರ ಹೋದ್ರೆ ಅವ್ನು ಹೇಳಿದ್ದೇ ರೇಟು. ಮಧ್ಯದವ್ನು ನಾಕು ಕಡೆ ತೋರಿಸ್ತಾನೆ, ಕಮ್ಮಿಗೆ ಕೊಡಿಸ್ತಾನೆ. ಏನಾರ ಎಡವಟ್ಟಾದ್ರೆ ಮಧ್ಯ ನಿಂತ್ಕತಾನೆ” ಎಂದು ನಾನು ವೃತ್ತಿಧರ್ಮದ ಮೇಲೆ ಭಾಷಣ ಮಾಡಿದೆ.

“ನೀವು ನಿಂತ್ಕತೀರಾ?” ಎಂದು ಅವಳು ಮಜ್ಜಿಗೆ ಬಡಿಸಿದಳು. ಮಜ್ಜಿಗೆ ಹುಳಿಯಾಗಿತ್ತು.

ಮರುದಿನ ಕನಕಪುರದ ಸೈಬರ್ ಅಂಗಡಿಗೆ ಹೋಗಿ, ಎಲ್ಲ ಕಂಪನಿಗಳ ಟಿಕೆಟನ್ನೂ ಮಾರುವ ಒಂದು ವೆಬ್‌ಸೈಟು ತೆಗೆಸಿದೆ. (ಹೆಸರು ಹೇಳಲಾರೆ, ಅವರಿಗೂ ಹೆಂಡತಿ ಮಕ್ಕಳಿರುತ್ತಾರೆ.) ಅದು ತೋರಿಸಿದ ರೇಟು ನೋಡಿದೆ. ಮೊದಲು ಹೇಳಿದ ರೇಟಿಗೆ ಒಪ್ಪುವುದು ನಮ್ಮ ರಕ್ತದಲ್ಲೇ ಇಲ್ಲ. ಗಿರಾಕಿ ಎದ್ದು ಹೊರಟರೆ ಹಿಂದಿನಿಂದ ಕರೆದು ಇಳಿಸುವುದು ಲೋಕರೂಢಿ. ಹಾಗಾಗಿ ಪರದೆ ಮುಚ್ಚಿಸಿ, ಗಂಭೀರವಾಗಿ ಎದ್ದು ಹೊರಗೆ ಹೋಗಿ ಟೀ ಕುಡಿದೆ. ವಾಪಸ್ಸು ಬಂದು ನೋಡಿದರೆ ರೇಟು ಏರಿತ್ತು! ಇನ್ನೊಂದು ಟೀ ಕುಡಿಯುವ ಧೈರ್ಯ ಬರಲಿಲ್ಲ. ಕೊನೆಯಲ್ಲಿ ‘ಅನುಕೂಲ ಶುಲ್ಕ’ ಅಂತ ಬೇರೆ ಸೇರಿಸಿದರು. ಯಾರ ಅನುಕೂಲಕ್ಕೆ ಅಂತ ಬರೆದಿರಲಿಲ್ಲ.

ಆಮೇಲೆ ನನ್ನ ಮೊಬೈಲ್ ನಂಬರ್ ಕೇಳಿತು. ಇಲ್ಲಿ ನನ್ನ ವೃತ್ತಿಪ್ರಜ್ಞೆ ಜಾಗೃತವಾಯಿತು. ಬ್ರೋಕರ್ ಕೈಗೆ ನಂಬರ್ ಸಿಕ್ಕರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಯಾರು ಬಲ್ಲರು? ಎಂದೋ ಒಂದು ಸಲ ಸೈಟು ವಿಚಾರಿಸಿದ ತಪ್ಪಿಗೆ ಎಷ್ಟೋ ಜನಕ್ಕೆ ನಾನು ಈಗಲೂ ಯುಗಾದಿಗೆ, ದೀಪಾವಳಿಗೆ, ಅವರ ಮನೆಯ ತಿಥಿಗೆ ಸಹಿತ ಫೋನ್ ಮಾಡುತ್ತೇನೆ. ನಾನೇ ಹೋಗಿ ಆ ಬಲೆಗೆ ಬೀಳಲೇ? ನನ್ನ ನಂಬರಿನ ಜಾಗದಲ್ಲಿ ಮೆಹಬೂಬನ ನಂಬರ್ ಕೊಟ್ಟೆ.

ಮೆಹಬೂಬ್ ನನ್ನ ಬಾಲ್ಯಸ್ನೇಹಿತ, ಈಗ ನಮ್ಮ ಮನೆಯೆದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ನನ್ನ ಗಿರಾಕಿಗಳಿಗೆ ಗಾಳ ಹಾಕುವ ಇನ್ನೊಬ್ಬ ಭೂ ಸಮಾಲೋಚಕ. ಬ್ರೋಕರ್ ಕಾಟ ಅವನೂ ಒಸಿ ಅನುಭವಿಸಲಿ ಎಂದು ಒಳಗೊಳಗೇ ನಕ್ಕು, ಟಿಕೆಟ್ ಅಚ್ಚು ಹಾಕಿಸಿಕೊಂಡು ಮನೆಗೆ ಬಂದೆ.

ನಾಮಕರಣದ ಹಿಂದಿನ ದಿನ ಕೋಳಿ ಕೂಗುವ ಮೊದಲೇ ಎದ್ದು, ಹಸುವನ್ನು ಪಕ್ಕದ ಮನೆಯ ಸಿದ್ದಮ್ಮನಿಗೆ ಒಪ್ಪಿಸಿ, ಬಾಡಿಗೆ ಸುಮೋದಲ್ಲಿ ದೇವನಹಳ್ಳಿಯ ಹೊಸ ನಿಲ್ದಾಣ ತಲುಪಿದೆವು. ಅತ್ತೆ ಉಡಿದಾರವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, ಗಂಟನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ಬಾಗಿಲಲ್ಲಿದ್ದ ಪೊಲೀಸಪ್ಪ ಟಿಕೆಟ್ ನೋಡಿದ, ಗಡಿಯಾರ ನೋಡಿದ, ನನ್ನನ್ನು ನೋಡಿದ.

“ಈ ಫ್ಲೈಟ್ ಆಗಲೇ ಹೋಯ್ತಲ್ರೀ.”

“ಎಲ್ಲಿಗೆ?” ಎಂದೆ ನಾನು.

“ದಿಲ್ಲಿಗೆ.”

“ನಾವಿಲ್ಲೇ ಇದ್ದೀವಲ್ಲ?”

ಹೊರಡುವ ಸಮಯ ಹಿಂದಕ್ಕೆ ತಂದಿದ್ದಾರಂತೆ. ಹಿಂದಕ್ಕೆ ತಂದದ್ದೋ ಮುಂದಕ್ಕೆ ತಂದದ್ದೋ ನನಗೆ ಈಗಲೂ ಗೊಂದಲವಿದೆ. ಒಟ್ಟಿನಲ್ಲಿ ನಾವು ಬರುವ ಮೊದಲೇ ಅದು ಹಾರಿತ್ತು. ಅತ್ತೆ ಅಲ್ಲೇ ಸಾಮಾನಿನ ಗಾಡಿಯ ಮೇಲೆ ಕುಸಿದು ಕೂತು, “ಅಯ್ಯೋ ನನ್ ಕಂದ, ನಾಳೀಕೆ ನಿನ್ ಸೊಂಟ ಬರಿದಾಗೋಯ್ತಲ್ಲೋ” ಎಂದು ಅಳತೊಡಗಿದರು.

ನಾನು ಎದೆ ಸೆಟೆಸಿ, “ಹೆದರ್ಕಬ್ಯಾಡಿ, ಮಧ್ಯದವ್ರು ಇರೋದೇ ಇದಕ್ಕೆ” ಎಂದು ವೆಬ್‌ಸೈಟಿನವರಿಗೆ ಫೋನ್ ಮಾಡಿದೆ. ಒಂದನ್ನು ಒತ್ತಿ ಎಂದರು, ಒತ್ತಿದೆ. ನಾಲ್ಕನ್ನು ಒತ್ತಿ ಎಂದರು, ಒತ್ತಿದೆ. ಬಹಳ ಹೊತ್ತು ಪೀಪಿ ಊದಿದ ಮೇಲೆ ಒಬ್ಬಳು ಸಿಕ್ಕಿ, “ಸಾರ್, ಸಮಯ ಬದಲಾಯಿಸಿದ್ದು ವಿಮಾನದವರು. ಅವರನ್ನೇ ಕೇಳಿ” ಎಂದಳು. ವಿಮಾನದವರ ನಂಬರಿಗೆ ಮಾಡಿದೆ. “ಟಿಕೆಟ್ ಕೊಟ್ಟಿದ್ದು ಏಜೆಂಟರು ಸಾರ್. ಅವರನ್ನೇ ಕೇಳಿ” ಎಂದರು. ಮತ್ತೆ ಇವರು. ಮತ್ತೆ ಅವರು. ಯಾರಿಗೆ ಫೋನ್ ಮಾಡಿದ್ದೇನೆಂದೇ ಮರೆತು, ಕೊನೆಗೆ ವಿಮಾನದವರ ಮುಂದೆ ವಿಮಾನದವರನ್ನೇ ಬೈದೆ.

“ಈ ಮಾತು ಎಲ್ಲೋ ಕೇಳ್ದಂಗೈತಲ್ಲ” ಎಂದಳು ರಾಧಾಮಣಿ. “ನೀವು ಕೊಡ್ಸಿದ ಸೈಟಿನ ಚಕ್ಕುಬಂದಿ ಸರಿಯಿಲ್ಲ ಅಂತ ಕೆಂಪಯ್ಯ ಮೇಷ್ಟ್ರು ಬಂದಾಗ ನೀವೇನಂದ್ರಿ? ನಾನು ಬರೀ ಮಧ್ಯದವ್ನು, ಮಾರಿದ ಪಾರ್ಟಿನೇ ಕೇಳಿ ಅಂತ ಅಲ್ವಾ?”

“ಅದು ಬೇರೆ, ಇದು ಬೇರೆ.”

“ಹೆಂಗೆ ಬೇರೆ?”

“ಅದು ನೆಲದ ಮೇಲಿಂದು!” ಎಂದೆ. ತಲೆ ಅಷ್ಟು ಕೆಟ್ಟಿತ್ತು.

ಮತ್ತೊಮ್ಮೆ ವೆಬ್‌ಸೈಟಿಗೆ ಫೋನ್ ಹಚ್ಚಿ, “ನಮಗೆ ಮೊದಲೇ ಯಾಕೆ ಹೇಳಲಿಲ್ಲ?” ಎಂದು ಗುಡುಗಿದೆ. “ಹೇಳಿದ್ದೇವೆ ಸಾರ್, ದಿನಾ ಮೆಸೇಜ್ ಕಳಿಸಿದ್ದೇವೆ” ಎಂದು ಅವಳು ಮೆಸೇಜ್ ಹೋದ ನಂಬರನ್ನು ಓದಿದಳು. ಒಂದೊಂದು ಅಂಕಿಗೂ ನನ್ನ ದನಿ ಇಳಿಯುತ್ತಾ ಹೋಯಿತು.

ಮೆಹಬೂಬನಿಗೆ ಫೋನ್ ಮಾಡಿದೆ. ಅವನದು ಸಂತೆಯಲ್ಲಿ ಪಳಗಿದ ಗಂಟಲು. ಫೋನನ್ನು ಕಿವಿಗೆ ಎಷ್ಟು ಒತ್ತಿ ಹಿಡಿದರೂ ಸುತ್ತಲಿನವರಿಗೆಲ್ಲ ಕೇಳಿಸಿತು.

“ಹೂಂ ಕಣ್ಲಾ, ವಾರದಿಂದ ಒಂದೇ ಸಮ ಮೆಸೇಜು! ದಿಲ್ಲಿ ಪ್ಲೇನು ಬೇಗ ಹೊಂಟೋಯ್ತದೆ, ಬೇಗ ಬನ್ನಿ ಅಂತ. ನಾನೆಲ್ಲಿಗ್ಲಾ ಹೋಗ್ಲಿ ದಿಲ್ಲಿಗೆ? ಯಾವನೋ ಬ್ರೋಕರ್ ನನ್ ಮಗ ಕಾಟ ಕೊಡ್ತಾವ್ನೆ ಅಂತ ಅಳಿಸ್ಬುಟ್ಟೆ.”

ರಾಧಾಮಣಿ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ನನ್ನ ಕೈಯಿಂದ ಟಿಕೆಟ್ ಕಿತ್ತುಕೊಂಡು, ಅವ್ವನ ಕೈ ಹಿಡಿದುಕೊಂಡು, ವಿಮಾನ ಕಂಪನಿಯ ಕಿಟಕಿಗೇ ನೇರವಾಗಿ ನಡೆದಳು. ಅಲ್ಲಿದ್ದ ಹುಡುಗಿ ಇಂಗ್ಲಿಷಿನಲ್ಲಿ ಏನೋ ಕೇಳಿತು. ಇವಳು ಕನ್ನಡದಲ್ಲಿ ಎಲ್ಲವನ್ನೂ ಹೇಳಿದಳು, ಮಗು, ಉಡಿದಾರ, ಮೊಣಕಾಲು, ಕೊನೆಗೆ ನನ್ನನ್ನೂ ಬೆರಳು ಮಾಡಿ ತೋರಿಸಿದಳು.

“ಯಾವೂರಮ್ಮ ನಿಮ್ದು?” ಎಂದಿತು ಹುಡುಗಿ ಇದ್ದಕ್ಕಿದ್ದಂತೆ ಕನ್ನಡದಲ್ಲಿ.

“ಮರಳವಾಡಿ ಕಣವ್ವ” ಎಂದರು ಅತ್ತೆ ಮೂಗೊರೆಸಿಕೊಂಡು.

“ಅಯ್ಯೋ, ನಮ್ಮಜ್ಜಿ ಊರೂ ಅದೇ! ನಾವು ಚನ್ನಪಟ್ಟಣದೋರು.”

ಅರ್ಧ ದಿನ ಫೋನು ಒತ್ತಿ ನಾನು ಮಾಡಲಾಗದ್ದನ್ನು ಇವರು ಅಜ್ಜಿಯ ಬೀಗರ ಹೆಸರು ಹೇಳುವಷ್ಟರಲ್ಲಿ ಮುಗಿಸಿದ್ದರು. ಸಮಯ ಬದಲಾಯಿಸಿದ್ದು ಕಂಪನಿಯೇ ಆದ್ದರಿಂದ ಮಧ್ಯಾಹ್ನದ ವಿಮಾನಕ್ಕೆ ಬಿಟ್ಟಿಯಾಗಿ ಹಾಕಿಕೊಡುತ್ತಾರಂತೆ. ಮೊದಲೇ ಬಂದು ಕೇಳಿದ್ದರೆ ಮೂರು ಸೀಟೂ ಇದ್ದವಂತೆ, ಈಗ ಉಳಿದಿರುವುದು ಎರಡೇ ಅಂತೆ.

“ಎರಡು ಸಾಕು” ಎಂದಳು ರಾಧಾಮಣಿ. ತಿರುಗಿ ಸಹ ನೋಡಲಿಲ್ಲ.

ನಾನು ಸುಮೋದಲ್ಲಿ ಒಬ್ಬನೇ ಮನೆಗೆ ಬಂದೆ. ಸಿದ್ದಮ್ಮ, “ಯಜಮಾನ್ರೇ ಬಂದ್ರಲ್ಲ” ಎಂದು ಹಸುವನ್ನು ವಾಪಸ್ಸು ಕಟ್ಟಿ ಹೋದಳು. ಹಸು ನನ್ನನ್ನು ಒದ್ದಿತು. ಮರುದಿನ ಇಡೀ ಹಗಲು ಫೋನಿಗೆ ಕಾದೆ. ಅದು ತುಟಿ ಪಿಟಕ್ಕೆನ್ನಲಿಲ್ಲ. ಸಂಜೆ ಮೆಹಬೂಬ್ ಹಲ್ಲು ಕಿರಿಯುತ್ತಾ ಬಂದ.

“ಲೇ ಅಶ್ವಥಾ, ರಾಧಾಮಣಕ್ಕ ಫೋನ್ ಮಾಡಿದ್ರು.”

“ನನ್ ಹೆಂಡ್ತಿ ನಿಂಗ್ಯಾಕ್ಲಾ ಮಾಡ್ತಾಳೆ?”

“ಟಿಕೆಟ್ ಮ್ಯಾಲೆ ನನ್ ನಂಬರೇ ಅಲ್ವಾ ಐತೆ? ನಿನ್ ಸಮಾಚಾರಕ್ಕೆಲ್ಲ ಇದೇ ನಂಬರ್ ಅಂದ್ರು.”

“ಏನಂದ್ಲು?”

“ಮೊದ್ಲು ಟೀ ಹೇಳು. ಅನುಕೂಲ ಶುಲ್ಕ.”

ಹೇಳಿದೆ. ಅವನು ಟೀಯನ್ನು ಬಸಿಗೆ ಸುರಿದುಕೊಂಡು ನಿಧಾನವಾಗಿ ಹೀರಿದ. “ಉಡಿದಾರ ಕಟ್ಟಾಯ್ತಂತೆ. ನಿಮ್ಮತ್ತೆ ಖುಷೀಲವ್ರಂತೆ. ಹಸೀಗೆ ಬೂಸಾ ಕಮ್ಮಿ ಮಾಡ್ಬ್ಯಾಡ ಅಂದ್ರು.”

“ನನ್ ವಿಷ್ಯ?”

“ಒಂದು ಬನ್ನೂ ಹೇಳು.”

ಹೇಳಿದೆ. ಪೂರ್ತಿ ತಿಂದು ಬಾಯೊರೆಸಿಕೊಂಡ. “ನಿನ್ ವಿಷ್ಯ ಏನೂ ಅನ್ಲಿಲ್ಲ.”

“ಹೋಗ್ಲಿ, ಯಾವಾಗ ಬತ್ತಾಳಂತೆ?”

ಅವನು ನಾನು ಗಿರಾಕಿಗಳಿಗೆ ಮಾಡುವ ಮುಖವನ್ನೇ ಮಾಡಿದ. “ಅದು ನಂಗೊತ್ತಿಲ್ಲ ಕಣ್ಲಾ. ನಾನು ಬರೀ ಮಧ್ಯದವ್ನು. ಪಾರ್ಟಿನೇ ಕೇಳು.”

ಮಾನ ಬಿಟ್ಟು ದಿಲ್ಲಿಗೆ ಫೋನ್ ಮಾಡಿದೆ. ಶ್ವೇತ ಎತ್ತಿಕೊಂಡಳು. ಹಿಂದೆ ಮಗು ಅಳುತ್ತಿತ್ತು, ಅತ್ತೆ ಜೋಗುಳ ಹಾಡುತ್ತಿದ್ದರು, ರಾಧಾಮಣಿ ನಗುವುದೂ ಕೇಳಿಸಿತು. “ನಿಮ್ಮಕ್ಕ ಯಾವಾಗ ಬರ್ತಾಳೆ ಅಂತ ಒಸಿ ಕೇಳಮ್ಮ” ಎಂದೆ. ಅವಳು ಒಳಗೆ ಹೋಗಿ ಕೇಳಿಕೊಂಡು ಬಂದಳು.

“ಭಾವ, ಅದನ್ನ ಮೆಹಬೂಬಣ್ಣನ್ನೇ ಕೇಳ್ಬೇಕಂತೆ.”