ಆರನೆಯ ಶೇಂಗಾ ಉಂಡಿ

ತಪ್ಪು ಕಂಡಲ್ಲಿ ಅದನ್ನು ತಪ್ಪೆಂದು ಹೇಳದೆ ಇರಲಾರದ ಸ್ವಭಾವ ನನ್ನದು. ಹೀಗಾಗಿ ನನಗೆ ಗೆಳತಿಯರು ಕಡಿಮೆ, ಪತ್ರಿಕೆಗಳಿಗೆ ಬರೆದ ಪತ್ರಗಳು ಹೆಚ್ಚು. ಮಗುವನ್ನು ದಡ್ಡ ಎನ್ನುವುದು ತಪ್ಪು. ದೃಷ್ಟಿ ತೆಗೆಯುವುದು ತಪ್ಪು. ಬಸ್ಸಿನ ಸೀಟಿಗೆ ಕರವಸ್ತ್ರ ಹಾಸಿ, ಇನ್ನೂ ಬಾರದವರ ಹೆಸರಿನಲ್ಲಿ ಜಾಗ ಹಿಡಿಯುವುದಂತೂ ಪ್ರಜಾಪ್ರಭುತ್ವಕ್ಕೇ ಬಗೆದ ದ್ರೋಹ. ಬೆಳಗಾವಿಯ ಸದಾಶಿವನಗರದ ಮನೆಯಲ್ಲಿ ನಾನು ಈ ವಿಷಯ ತೆಗೆದೊಡನೆ ನಮ್ಮವರು ಟಿವಿಯ ಧ್ವನಿ ಏರಿಸುತ್ತಾರೆ. ಅದೂ ತಪ್ಪೇ.

ಇಂಥ ನಾನು, ಖಾನಾಪುರದ ಶಾಲೆಯೊಂದರ ಯುಕೆಜಿಯಲ್ಲಿ ಲೆಕ್ಕಕ್ಕೆ ತಿಣುಕುತ್ತಿದ್ದ ನಾಲ್ಕು ಮಕ್ಕಳನ್ನು ಬೇರೆ ಕೂಡಿಸಿಕೊಂಡು ಕಲಿಸಲು ಪ್ರತಿ ಶುಕ್ರವಾರ ಹೋಗತೊಡಗಿದೆ. ನಮಗೆ ಸಿಕ್ಕಿದ್ದು ಹಿತ್ತಲಿನ ಹಳೆಯ ಉಗ್ರಾಣ. ಅದಕ್ಕೆ ಕಾಡಿನತ್ತ ತೆರೆಯುವ ಒಂದೇ ಕಿಟಕಿ. ಹಿಂದುಳಿದವರನ್ನು ಕತ್ತಲೆಗೆ ತಳ್ಳುವ ವ್ಯವಸ್ಥೆಯ ಬಗ್ಗೆ ಅಂದೇ ಒಂದು ಪತ್ರ ಬರೆದೆ. ನನ್ನ ಪಾಠ ಸರಳ: ತಲೆಗೊಂದು ಶೇಂಗಾ ಉಂಡಿ ಹಂಚುತ್ತ ಎಣಿಸುವುದು. ಮಕ್ಕಳು ನಾಲ್ವರು, ಜೊತೆಗೆ ನಾನು, ಒಟ್ಟು ಐದು. ಮೂವರು ಬೇಗ ಕಲಿತರು. ಕಣಕುಂಬಿಯಿಂದ ಅಜ್ಜಿಯೊಡನೆ ಬಂದಿದ್ದ ರೂಪಾಲಿ ಮಾತ್ರ ಪ್ರತಿ ಸಲ ಇನ್ನೊಂದು ಉಂಡಿಯನ್ನು ಕಿಟಕಿಯ ಕೆಳಗಿನ ಖಾಲಿ ಚಾಪೆಯ ಮೇಲಿಟ್ಟು, "ಆರು" ಎನ್ನುತ್ತಿದ್ದಳು.

"ಅಲ್ಲಿ ಯಾರದಾರವ್ವ?"

"ರಾಖಣದಾರ ಕುಂತಾನ್ರಿ ಅಕ್ಕೋರ. ಅವನ ಪಾಲು ಇಡಬೇಕ್ರಿ."

ಕಾಡಂಚಿನ ಊರುಗಳನ್ನು ಕಾಯುವ, ಕಣ್ಣಿಗೆ ಬೀಳದ ಕಾವಲುಗಾರನಿಗೆ ಆ ಹೆಸರು. ಏನು ಹಂಚಿದರೂ ಅವನದೊಂದು ಪಾಲು ತೆಗೆದಿಡುವುದು ಅವಳ ಮನೆಯ ರೂಢಿ. ಇದು ಮೂಢನಂಬಿಕೆ ಎಂದು ವಿವರವಾಗಿ ತಿಳಿಸಿದೆ. ನಾಲ್ಕೂ ಮಕ್ಕಳು ನನ್ನನ್ನು ಕನಿಕರದಿಂದ ನೋಡಿದವು. ಪಾಠ ಮುಗಿದಾಗ ಆರನೆಯ ಉಂಡಿ ಚಾಪೆಯ ಮೇಲಿರುತ್ತಿರಲಿಲ್ಲ. ಮಕ್ಕಳ ಜೇಬು ತಡಕುವುದು ತಪ್ಪೆಂದು ನಾನೇ ಬರೆದಿದ್ದರಿಂದ ತಡಕುವಂತಿರಲಿಲ್ಲ. ಇಲಿ ಎಂದುಕೊಂಡೆ. ಆದರೆ ಇಷ್ಟು ಸ್ವಚ್ಛವಾಗಿ ಉಣ್ಣುವ ಇಲಿಯನ್ನು ನಾನು ಕಂಡಿಲ್ಲ.

ವರ್ಷದ ಕೊನೆಗೆ ಮುಖ್ಯೋಪಾಧ್ಯಾಯಿನಿ ಪಾಟೀಲ ಬಾಯಾರು, ಮಕ್ಕಳನ್ನು ಒಂದನೆಯ ತರಗತಿಗೆ ಕಳಿಸುವ ಮುನ್ನ ಸ್ವತಃ ಪರೀಕ್ಷಿಸಲು ಬಂದು ಬಾಗಿಲಲ್ಲಿ ನಿಂತರು. "ನನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ, ನನಗ ಶುಗರ್ ಐತಿ. ಇವತ್ತೂ ಈಕಿ ಆರು ಅಂದ್ರ, ಜೋಡಿಯ ಮೂವರು ಒಂದನೇತ್ತಾಕ ಹೋಗ್ಲಿ, ಈಕಿ ಇನ್ನೊಂದ ವರ್ಷ ಇಲ್ಲೇ ಕುಂದರ್ಲಿ." ರೂಪಾಲಿ ಪಕ್ಕದ ಹುಡುಗಿಯ ಲಂಗವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹೊರಗೆ ಅಕಾಲದ ಮೋಡ ಕವಿದಿತ್ತು, ಕರೆಂಟ್ ಹೋಯಿತು. ಅವಳು ಉಂಡಿ ಹಂಚಿ, ಚಾಪೆಯ ಮೇಲೂ ಒಂದಿಟ್ಟು, ಮೆಲ್ಲಗೆ "ಆರು" ಎಂದಳು.

ಬಾಯಾರು ಪೆನ್ನಿನ ಟೊಪ್ಪಿಗೆ ತೆಗೆದರು. ನಾನು ಅವಸರದಿಂದ ಬಾಗಿ, "ಕಣ್ಣಿಗೆ ಕಾಣೋರನ್ನಷ್ಟ ಎಣಸವ್ವ" ಎಂದೆ.

ಅವಳು ಚಾಪೆಯನ್ನು ನೋಡಿದಳು. ಆಮೇಲೆ ಅವಳ ಕಣ್ಣುಗಳು ನಿಧಾನವಾಗಿ ಸರಿದು ಬಂದು ನನ್ನ ಹೆಗಲಿನ ಹಿಂದೆ ನಿಂತವು.

"ಈಗ ನಿಮ್ಮ ಹಿಂದ ಬಂದು ನಿಂತಾನಲ್ರೀ."

ತಿರುಗಿ ನೋಡಿದರೆ ಮೂಢನಂಬಿಕೆಗೆ ಮಣಿದಂತಾಗುತ್ತದೆ, ಆದ್ದರಿಂದ ತಿರುಗಲಿಲ್ಲ. ತಿರುಗದಿರಲು ಅದೊಂದೇ ಕಾರಣವಾಗಿತ್ತೆಂದು ಹೇಳಲಾರೆ. ಕತ್ತಿನ ಹಿಂಭಾಗ ತಣ್ಣಗಾಗಿತ್ತು. ಮುಂದೆ ನೋಡುತ್ತಲೇ ಕೇಳಿದೆ: "ಆತವ್ವ, ಅವಂದು ಅವಂಗ ಕೊಟ್ಟ ಮ್ಯಾಲ ನಮಗೆಷ್ಟು ಉಳೀತಾವು?"

"ಐದು." ಬೆರಳನ್ನೂ ಮಡಚಲಿಲ್ಲ.

ಬಾಯಾರ ಪೆನ್ನು ನಿಂತಿತು. "ಅಯ್ಯ! ಕಳಿಯೂ ಲೆಕ್ಕ ಇನ್ನೂ ಕಲಿಸೇ ಇಲ್ಲಲ್ರೀ! ಹೋಗ್ಲಿ ಬಿಡ್ರಿ ಒಂದನೇತ್ತಾಕ."

ಹೊರಡುವಾಗ ಚಾಪೆ ಖಾಲಿಯಿತ್ತು. ಬೆಳಗಾವಿಯ ಬಸ್ಸು ತುಂಬತೊಡಗಿತ್ತು. ಇಬ್ಬರ ಸೀಟಿನಲ್ಲಿ ಏಕೋ ಕಿಟಕಿಗೆ ಒತ್ತಿಕೊಂಡು ಕುಳಿತೆ. ಬುಟ್ಟಿ ಹಿಡಿದ ಹೆಂಗಸೊಬ್ಬಳು ಬಂದು, "ಇಲ್ಲಿ ಯಾರರ ಅದಾರೇನ್ರಿ?" ಎಂದಳು.

"ಅದಾರ್ರಿ," ಎಂದುಬಿಟ್ಟೆ.

"ಕಲತವರ ಹಿಂಗ ಮಾಡಿದ್ರ ಹೆಂಗ್ರಿ?" ಎಂದು ಗೊಣಗುತ್ತ ಅವಳು ಮುಂದೆ ಹೋದಳು. ತಿರುಗಿ ನೋಡಿದೆ. ಪಕ್ಕದ ಸೀಟಿನ ಮೇಲೆ ನನ್ನ ಕರವಸ್ತ್ರ ನೀಟಾಗಿ ಹಾಸಿತ್ತು. ಬೆಳಗಾವಿ ಬರುವವರೆಗೂ ಅದನ್ನು ತೆಗೆಯುವ ಧೈರ್ಯ ನನಗಾಗಲಿಲ್ಲ.