ಅಮೆರಿಕದ ವಕೀಲರ ಜಯಂತಿ

ಮಹನೀಯರ ಜಯಂತಿಯನ್ನು ಅವರ ಸಮುದಾಯದ ಮುಖಂಡರ ಪೂರ್ವಭಾವಿ ಸಭೆ ಕರೆಯದೆ ಆಚರಿಸತಕ್ಕದ್ದಲ್ಲ. ಮಿಡಿಗೇಶಿ ಆಸುಪಾಸಿನ ಒಂದು ಸರ್ಕಾರಿ ಕಚೇರಿಯಲ್ಲಿ ಈ ನಿಯಮವನ್ನು ಈವರೆಗೆ ಯಾರೂ ಮೀರಿಲ್ಲ.

ಈ ವರ್ಷದ ಜಯಂತಿ ಪಟ್ಟಿಯಲ್ಲಿ, ಮೇಲಿನವರು ಇಂಟರ್‌ನೆಟ್ಟಿನಿಂದ ಏನನ್ನೋ ಇಳಿಸಿಕೊಳ್ಳುವಾಗ ಅಂಟಿಕೊಂಡು ಬಂದ ಒಬ್ಬರಿದ್ದರು: ಎಲೈಜಾ ವಿದರ್ಬಿ, ಇನ್ನೂರು ವರ್ಷದ ಹಿಂದಿನ ಅಮೆರಿಕದ ವಕೀಲರು, ರಾಜಕಾರಣಿ. ಇದು ತಪ್ಪೆಂದು ಗುಮಾಸ್ತೆ ರಾಧಾಮಣಿ ಹೇಳಿದಳು. ಸಹಿ ಬಿದ್ದ ಪಟ್ಟಿಯಲ್ಲಿ ತಪ್ಪು ಇರುವುದಿಲ್ಲವೆಂದು ಸಾಹೇಬರಾದ ರೇಣುಕಯ್ಯ ಸಮಾಧಾನವಾಗಿ ತಿಳಿಸಿದರು.

ರಾಧಾಮಣಿಗೆ ಕೊರಟಗೆರೆಗೆ ವರ್ಗವಾಗಿತ್ತು. ಮೂರು ವರ್ಷದ ಮಗಳು ಅಲ್ಲೇ ಅಜ್ಜಿಯ ಹತ್ತಿರ ಇದ್ದಳು. ಸೋಮವಾರ ಹಾಜರಾಗದಿದ್ದರೆ ಆದೇಶ ರದ್ದು. ಜಯಂತಿಯ ವರದಿ ಹೋಗದೆ ಬಿಡುಗಡೆಯಿಲ್ಲ, ಮುಖಂಡರಿಲ್ಲದೆ ವರದಿಯಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಅವಳಿಗೆ ಅಳುವೇ ಬಂತು.

ಅವರ ಸಮುದಾಯ ಯಾವುದೆಂದು ಹುಡುಕುತ್ತ ವಿದರ್ಬಿಯವರ ಜೀವನಚರಿತ್ರೆಯನ್ನು ಅವಳು ಗಟ್ಟಿಯಾಗಿ ಓದಿದಳು. ಆರು ಚುನಾವಣೆಗಳಲ್ಲಿ ನಾಲ್ಕು ಸೋತಿದ್ದರು. ಗೆದ್ದ ಎರಡೂ ಬೇರೆ ಬೇರೆ ಪಕ್ಷದಿಂದ. ಕೊನೆಗೆ ಎಲ್ಲ ಸಾಕೆಂದು ಊರಿಗೆ ಹೋಗಿ ಕುರಿ ಸಾಕಿದರು.

ಪಹಣಿಗೆಂದು ಬಂದು ಕಿಟಕಿಯ ಹೊರಗೆ ನಿಂತು ಅವಳ ಗೋಳನ್ನೆಲ್ಲ ಕೇಳಿಸಿಕೊಂಡಿದ್ದ ಕುರಿಗಾಹಿ ಜುಂಜಪ್ಪ ಕಿವಿ ನಿಮಿರಿಸಿದ.

"ಕುರಿ ಕಾದೋನಾ? ಅಂಗಾದ್ರೆ ನಮ್ಮೋನೇ ಕಣಮ್ಮ. ಹೆಬ್ಬೆಟ್ಟು ಎಲ್ಲಿ ಒತ್ತಬೇಕು, ತೋರ್ಸು."

ನಮೂನೆಯಲ್ಲಿ ದೇಶದ ಕಾಲಂ ಇಲ್ಲದ ಕಾರಣ ರೇಣುಕಯ್ಯನವರು ಆಕ್ಷೇಪಿಸಲಿಲ್ಲ. ಪೂರ್ವಭಾವಿ ಸಭೆ ಉಪ್ಪಿಟ್ಟಿನೊಂದಿಗೆ ಮುಗಿಯಿತು.

ಶನಿವಾರ ಜಯಂತಿ. ತಲೆಗೆ ಬಿಳಿ ಕೂದಲ ಟೋಪನ್ನು ತೊಟ್ಟ ವಿದರ್ಬಿಯವರ ಪಟಕ್ಕೆ ಸೇವಂತಿಗೆ ಹಾರ ಬಿತ್ತು. ಸಾಹೇಬರು ಎಲ್ಲ ಜಯಂತಿಗೂ ಮಾಡುವ ಭಾಷಣವನ್ನು ಹೆಸರು ಬದಲಾಯಿಸಿ ಮಾಡಿದರು. ವರದಿ ತುಂಬುವಾಗ ಕೊನೆಯ ಕಾಲಂ ಎದುರಾಯಿತು: ವಂಶಸ್ಥರನ್ನು ಸನ್ಮಾನಿಸಲಾಯಿತೇ? ಇಲ್ಲವಾದಲ್ಲಿ ಮುಂದಿನ ವಾರ ಮರು ಆಚರಣೆ.

ರಾಧಾಮಣಿಯ ಪೆನ್ನು ನಿಂತಿತು. ಜುಂಜಪ್ಪ ತಾನಾಗಿ ಎದ್ದು ಬಂದು ಶಾಲಿಗೆ ಕತ್ತು ಬಗ್ಗಿಸಿದ.

"ನಮ್ ತಾತ ಕುರಿ ಹೊಡ್ಕಂಡು ವಲಸೆ ಹೋದ್ರೆ, ಎಲ್ಲಿಗೆ ಅಂತ ಯಾರ್ಗೂ ಹೇಳ್ತಿರ್ಲಿಲ್ಲ. ಅಮೆರಿಕಾನೂ ಇರ್ಬೋದು. ಬರ್ಕೋ ತಾಯಿ, ನಿನ್ ಮಗು ಕಾಯ್ತೈತೆ."

ಅವಳು ಬರೆದುಕೊಂಡಳು. ರೇಣುಕಯ್ಯ ಶಾಲು ಹೊದಿಸಿ, ಅಮೆರಿಕದ ವಂಶಸ್ಥರಿಗೆ ಬಾಗಿ ಕೈಮುಗಿದು, ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು.

ರಾಧಾಮಣಿ ನಗುನಗುತ್ತಾ ಬಸ್ಸು ಹತ್ತಿದಳು. ಅಷ್ಟರಲ್ಲಿ ಕಚೇರಿಯ ಮುಂದೆ ಜುಂಜಪ್ಪನ ಊರಿನ ಕುರಿಗಾಹಿ ಸಣ್ಣರಂಗಯ್ಯ ಮತ್ತಿತರ ಹನ್ನೊಂದು ಜನ, ತಮ್ಮ ತಾತಂದಿರೂ ಅದೇ ದಾರಿಯಲ್ಲಿ ಕುರಿ ಹೊಡೆದುಕೊಂಡು ಹೋಗಿದ್ದರು, ತಮಗೂ ಶಾಲು ಬೇಕೆಂದು ಅರ್ಜಿ ಕೊಟ್ಟರು. ಎಲ್ಲರಿಗೂ ಸ್ವೀಕೃತಿ ಪತ್ರ ನೀಡಲಾಯಿತು.